ಗೊತ್ತಿರುವ ಹಾಡಿಗೆ ಕಾಯುವವರು, ಗೊತ್ತಿಲ್ಲದ ಹಾಡಿಗೆ ಅಳುವವರು

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇದ್ದವು. ಊರೂರು ಸುತ್ತುವ ಬ್ಯಾಂಡ್‌ಗಳು ಆ ರಾತ್ರಿ ಯಾವ ಹಾಡು ನುಡಿಸಬೇಕು, ಯಾವುದನ್ನು ಬಿಡಬೇಕು ಅಂತ ಹೇಗೆ ತೀರ್ಮಾನ ಮಾಡುತ್ತವೆ? ನನಗೆ ತುಂಬ ಇಷ್ಟದ ವಿಷಯ ಇದು. ಹಾಗಾಗಿ ಇಡೀ ಅಂಕಣವನ್ನು ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಗೆಳೆಯನ ಒತ್ತಾಯಕ್ಕೆ ಒಂದು ವಿದೇಶಿ ರಾಕ್ ಬ್ಯಾಂಡಿನ ಶೋಗೆ ಹೋಗಿದ್ದೆ. ನನಗೆ ಗೊತ್ತಿದ್ದದ್ದು ಐದಾರು ಹಾಡು. ಅದರಲ್ಲಿ ಮೂರು ಮಾತ್ರ ಬಂದವು. ನಡುವೆ ಯಾವುದೋ ಹಾಡು ಶುರುವಾದ ತಕ್ಷಣ ಗೆಳೆಯ ಅತ್ತೇಬಿಟ್ಟ. ನಾನು ಸುಮ್ನೆ ನಿಂತಿದ್ದೆ. ಟಿಕೆಟ್‌ಗೆ ಇಬ್ಬರೂ ಕೊಟ್ಟಿದ್ದು ಒಂದೇ ದುಡ್ಡು. ಈ ಪಟ್ಟಿ ಯಾರು ಮಾಡುತ್ತಾರೆ, ಏನು ಲೆಕ್ಕ ಹಾಕಿ ಮಾಡುತ್ತಾರೆ?
(ಬೆಂಗಳೂರಿನ ಓದುಗರು)

ಉತ್ತರ: ಯಾರು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಬ್ಯಾಂಡಿನಲ್ಲಿ ಒಬ್ಬರು ಈ ಜವಾಬ್ದಾರಿ ಹೊತ್ತಿರುತ್ತಾರೆ. ಅಮೆರಿಕದ ರಾಕ್ ಬ್ಯಾಂಡ್ ಪರ್ಲ್ ಜಾಮ್‌ನಲ್ಲಿ ಗಾಯಕ ಎಡ್ಡಿ ವೆಡ್ಡರ್ ಪಟ್ಟಿಯನ್ನು ಕೈಯಲ್ಲೇ ಬರೆಯುತ್ತಾರೆ, ಪ್ರತಿ ಶೋಗೂ ಹೊಸದು. ಮೆಟಾಲಿಕಾದಲ್ಲಿ ಅದು ಡ್ರಮ್ಮರ್ ಲಾರ್ಸ್ ಉಲ್ರಿಕ್ ಕೆಲಸ. ಹೋದ ಸಲ ಈ ಊರಿಗೆ ಬಂದಾಗ ಏನೇನು ನುಡಿಸಿದ್ದೆವು ಅಂತ ಹಳೆಯ ಪಟ್ಟಿ ನೋಡಿಕೊಂಡು ಅವರು ಹೊಸದನ್ನು ಮಾಡುತ್ತಾರೆ. ರೋಲಿಂಗ್ ಸ್ಟೋನ್ಸ್ ಜೊತೆ ಕೀಬೋರ್ಡ್ ನುಡಿಸುವ ಚಕ್ ಲವೆಲ್ ಎಷ್ಟೋ ವರ್ಷಗಳ ಪಟ್ಟಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ಗಾಯಕ ಮಿಕ್ ಜಾಗರ್‌ಗೆ ಅದರಿಂದಲೇ ಸಲಹೆ ಕೊಡುತ್ತಾರೆ.

ಇನ್ನು ಲೆಕ್ಕ. ಎರಡು ಗಂಟೆಯ ಶೋ ಅಂದರೆ 15ರಿಂದ 18 ಹಾಡು, ಅಷ್ಟೇ. ಜಾಸ್ತಿ ಹೊತ್ತು ಎಳೆಯೋಣ ಅಂದರೆ ಆಗುವುದಿಲ್ಲ. ನಮ್ಮಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು, ಬೇರೆ ದೇಶಗಳಲ್ಲೂ ಇಂಥ ಗಡುವು ಇರುತ್ತದೆ. 2012ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಪಕ್ಕದಲ್ಲಿ ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ನಿಂತಿದ್ದರೂ ಹೊತ್ತು ಮೀರಿತು ಅಂತ ಮೈಕ್ ಬಂದ್ ಮಾಡಿದರು. ಆ 15-18 ಹಾಡಿನಲ್ಲಿ ಆರೇಳು ಬಿಡುವ ಹಾಗೇ ಇಲ್ಲ, ಬಿಟ್ಟರೆ ಮೈದಾನದ ಮುಕ್ಕಾಲು ಜನ ಬೇಜಾರಾಗಿ ಮನೆಗೆ ಹೋಗುತ್ತಾರೆ. ಹೊಸ ಆಲ್ಬಮ್ ಬಂದಿದ್ದರೆ ಅದರ ಮೂರ್ನಾಲ್ಕು. ಉಳಿದ ನಾಲ್ಕೈದು ಜಾಗಕ್ಕೇ ಎಲ್ಲ ಜಗಳ, ಗೊತ್ತಿರುವ ಹಳೆಯ ಹಿಟ್ ಬೇಕು ಅನ್ನುವವರು ಒಂದು ಕಡೆ, ಹೊಸದು ಅಥವಾ ಅಪರೂಪದ್ದು ಬೇಕು ಅನ್ನುವವರು ಇನ್ನೊಂದು ಕಡೆ.

ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಉದಾಹರಣೆ ತೆಗೆದುಕೊಳ್ಳೋಣ, ಯಾಕೆಂದರೆ ಬೆಂಗಳೂರಿನವರು ಈ ಜಗಳದ ಎರಡೂ ಕಡೆಯನ್ನು ಕಣ್ಣಾರೆ ನೋಡಿದ್ದಾರೆ. 2006ರಲ್ಲಿ ಅವರ ಹೊಸ ಆಲ್ಬಮ್ ಬಂತು, ಸುಮಾರು 72 ನಿಮಿಷದ್ದು. ಆ ವರ್ಷದ ಕೊನೆಯ ಟೂರ್‌ನಲ್ಲಿ ಅದರ ಹತ್ತೂ ಹಾಡುಗಳನ್ನು ಆಲ್ಬಮ್‌ನಲ್ಲಿದ್ದ ಕ್ರಮದಲ್ಲೇ ನುಡಿಸಿದರು. ಹಳೆಯದು ಅಂತ ಸಿಕ್ಕಿದ್ದು ಕೊನೆಯಲ್ಲಿ ಐದು ಹಾಡು. ಜನ ಮುನಿಸಿಕೊಂಡರು, ಹಳೆಯದು ನುಡಿಸಿ ಅಂತ ಕೂಗಿದವರೂ ಇದ್ದರು. ಮುಂದಿನ ವರ್ಷ ಹೊಸ ಹಾಡುಗಳು ಕಡಿಮೆಯಾದವು. ಆ ಟೂರ್‌ನಲ್ಲೇ ಅವರು 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದದ್ದು. ಎರಡು ವರ್ಷ ಕಳೆದು 2009ರ ಫೆಬ್ರವರಿಯಲ್ಲಿ ಮತ್ತೆ ಬಂದರು. ಆ ಸಲದ ಟೂರ್ ಬಹುತೇಕ 1980ರ ದಶಕದ ಹಾಡುಗಳದ್ದೇ ಆಗಿತ್ತು. ಇದು ಆಕಸ್ಮಿಕ ಅಲ್ಲ. ಸುಮಾರು ಇಪ್ಪತ್ತು ವರ್ಷದಿಂದ ಆ ಬ್ಯಾಂಡ್ ಒಂದು ಟೂರನ್ನು ಹೊಸ ಆಲ್ಬಮ್‌ಗೆ, ಮುಂದಿನದನ್ನು ಹಳೆಯ ಹಾಡುಗಳಿಗೆ ಅಂತ ಸರದಿ ಹಾಕಿಕೊಂಡು ಬಂದಿದೆ. ಈ ಎರಡೂ ಕಡೆಯವರನ್ನು ಒಂದೇ ರಾತ್ರಿ ಪೂರ್ತಿ ಖುಷಿಪಡಿಸಲು ಆಗುವುದಿಲ್ಲ ಅಂತ ಒಪ್ಪಿಕೊಂಡು, ಆ ಭಾರವನ್ನು ವರ್ಷಗಳ ಮೇಲೆ ಹಂಚಿದರು. ನನಗೆ ಗೊತ್ತಿರುವ ಪರಿಹಾರಗಳಲ್ಲಿ ಇದು ತುಂಬ ಪ್ರಾಮಾಣಿಕವಾದದ್ದು.

ನಿಮ್ಮ ಗೆಳೆಯ ಯಾಕೆ ಅತ್ತರು ಅನ್ನುವುದಕ್ಕೂ ಇದೇ ಬ್ಯಾಂಡಿನಲ್ಲಿ ಉತ್ತರ ಇದೆ. 'ಅಲೆಕ್ಸಾಂಡರ್ ದಿ ಗ್ರೇಟ್' ಅಂತ ಅವರ ಒಂದು ಹಾಡು, 1986ರ ಆಲ್ಬಮ್‌ನದ್ದು. ಅದನ್ನು ಅವರು ವೇದಿಕೆಯ ಮೇಲೆ ಒಮ್ಮೆಯೂ ನುಡಿಸಿರಲಿಲ್ಲ. ಅಭಿಮಾನಿಗಳು ಕೇಳಿ ಕೇಳಿ ಸೋತಿದ್ದರು. 2023ರ ಮೇ ತಿಂಗಳಲ್ಲಿ ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿ ಅದು ಮೊದಲ ಸಲ ಕೇಳಿಸಿತು. 37 ವರ್ಷ! ಹೈಸ್ಕೂಲಿನಲ್ಲಿ ಆ ಕ್ಯಾಸೆಟ್ ತಂದ ಹುಡುಗನಿಗೆ ಅಷ್ಟೊತ್ತಿಗೆ ಐವತ್ತು ದಾಟಿರುತ್ತದೆ. ಪಕ್ಕದಲ್ಲಿ ನಿಂತವರಿಗೆ ಅದು ಎಂಟೂವರೆ ನಿಮಿಷದ ಗೊತ್ತಿಲ್ಲದ ಹಾಡು. ಅವನಿಗೆ ಮಾತ್ರ ಜೀವಮಾನದ ಕಾಯುವಿಕೆ ಮುಗಿದ ಹಾಗೆ.

ಯಾವ ಹಾಡು ಅನ್ನುವುದಕ್ಕಿಂತ ಎಲ್ಲಿ ಇಡುತ್ತಾರೆ ಅನ್ನುವುದು ಮುಖ್ಯ ಅಂತ ನನಗೆ ಅನ್ನಿಸುತ್ತದೆ. ಎಲ್ಲರಿಗೂ ಗೊತ್ತಿರುವ ಎರಡು ಹಾಡು ಕೊಟ್ಟ ಮೇಲೆ ಜನ ಮೂರನೆಯದಕ್ಕೆ ಸ್ವಲ್ಪ ತಾಳ್ಮೆ ತೋರಿಸುತ್ತಾರೆ. ಅಪರೂಪದ ಎರಡು ಹಾಡನ್ನು ಒಟ್ಟಿಗೆ ಇಟ್ಟರೆ ಸಾಲುಸಾಲಾಗಿ ಟಾಯ್ಲೆಟ್ಟಿಗೆ ಎದ್ದು ಹೋಗುತ್ತಾರೆ. ದೊಡ್ಡ ಹಿಟ್ ಕೊನೆಗೇ. ಕಛೇರಿ ಕೇಳುವವರಿಗೆ ಇದು ಹೊಸದೇನೂ ಅಲ್ಲ, ವರ್ಣದಿಂದ ಶುರುಮಾಡಿ ನಡುವೆ ರಾಗ ತಾನ ಪಲ್ಲವಿಗೆ ಹೊತ್ತು ಕೊಟ್ಟು ಕೊನೆಗೆ ದೇವರನಾಮಕ್ಕೆ ಬರುತ್ತಾರಲ್ಲ, ಹಾಗೆ. ಇದರ ಜೊತೆಗೆ ಗಾಯಕನ ಗಂಟಲೂ ಇದೆ. ಮೇಲಿನ ಶ್ರುತಿಯ ಮೂರು ಹಾಡು ಒಂದರ ಹಿಂದೆ ಒಂದು ಬಂದರೆ ನಾಳೆಯ ಊರಿನಲ್ಲಿ ಸ್ವರವೇ ಏಳುವುದಿಲ್ಲ. ಬೇರೆ ಗಿಟಾರ್ ಬೇಕಾಗುವ ಹಾಡುಗಳನ್ನು, ಮತ್ತೆ ಮತ್ತೆ ಬದಲಾಯಿಸುವುದು ಬೇಡ ಅಂತ, ಪಕ್ಕಪಕ್ಕದಲ್ಲಿ ಇಡುತ್ತಾರೆ. ನಿಮಗೆ ಬೇಕಿದ್ದ ಹಾಡು ಬಿಟ್ಟುಹೋಗಿದ್ದಕ್ಕೆ ಇಂಥ ಯಾವುದೋ ಸಣ್ಣ ಕಾರಣವೂ ಇರಬಹುದು.

ಪ್ರಶ್ನೆ: ನಾನು ಮೈಸೂರಿನವನು, ಈಗ ಮ್ಯೂನಿಕ್‌ನಲ್ಲಿದ್ದೇನೆ. ನನ್ನ ಇಷ್ಟದ ಬ್ಯಾಂಡಿನ ಹಿಂದೆ ಮೂರು ಊರು ಸುತ್ತಿದೆ. ಮೂರು ರಾತ್ರಿಯೂ ಅದೇ ಪಟ್ಟಿ, ಅದೇ ಕ್ರಮ. ಹಾಡಿನ ನಡುವೆ ಆಡಿದ ಮಾತು ಕೂಡ ಅದೇ! ಇದು ನಮ್ಮಂಥವರಿಗೆ ಮೋಸ ಅಲ್ವಾ?

ಉತ್ತರ: ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಮೋಸ ಅನ್ನಲಾರೆ. ಆ ಮೈದಾನಗಳಲ್ಲಿದ್ದ ಹೆಚ್ಚಿನವರು ಆ ಬ್ಯಾಂಡನ್ನು ಆ ಒಂದು ರಾತ್ರಿ ನೋಡಲು ಬಂದವರು. ಮೂರು ಊರು ಸುತ್ತುವವರು ಎಲ್ಲೋ ಕೆಲವರು. ಈಗಿನ ದೊಡ್ಡ ಶೋಗಳಲ್ಲಿ ಬೆಳಕು, ಹಿಂದಿನ ಪರದೆಯ ವಿಡಿಯೊ, ಬೆಂಕಿ, ಹೊಗೆ ಎಲ್ಲವೂ ಹಾಡಿನ ಸೆಕೆಂಡಿಗೆ ಹೊಂದಿಸಿಟ್ಟಿರುತ್ತವೆ. ಒಂದು ಹಾಡು ಬದಲಾಯಿಸಿದರೆ ಅದಕ್ಕೆ ಜೋಡಿಸಿದ್ದೆಲ್ಲ ಬದಲಾಗಬೇಕು.

ಆದರೂ ದಾರಿ ಇಲ್ಲವೆಂದಲ್ಲ. ಟೇಲರ್ ಸ್ವಿಫ್ಟ್ 2023ರಿಂದ 2024ರವರೆಗೆ 149 ಶೋ ಮಾಡಿದ ಟೂರ್‌ನಲ್ಲಿ ಮೂರು ಗಂಟೆಗೂ ಮೀರಿದ ಪಟ್ಟಿ ಬಹುಪಾಲು ಗಟ್ಟಿಯಾಗಿತ್ತು. ನಡುವೆ ಒಂದು ಕಿಂಡಿ ಮಾತ್ರ ತೆರೆದಿಟ್ಟಿದ್ದರು. ಆಗ ಬರೀ ಗಿಟಾರ್ ಹಿಡಿದು ಒಂದು, ಪಿಯಾನೊ ಮುಂದೆ ಕುಳಿತು ಒಂದು, ಆ ಊರಿಗೆ ಅಂತಲೇ ಆರಿಸಿದ್ದು. ಬೆಳಕು, ವಿಡಿಯೊ ಯಾವುದರ ಹಂಗೂ ಇಲ್ಲ, ಅದಕ್ಕೇ ಬದಲಾಯಿಸುವುದು ಸುಲಭ. ಇವತ್ತು ಯಾವ ಎರಡು ಹಾಡು ಬರುತ್ತದೆ ಅಂತ ತಿಳಿಯಲು ಬೇರೆ ಖಂಡದ ಅಭಿಮಾನಿಗಳು ರಾತ್ರಿಯಿಡೀ ಎದ್ದು ಕೂರುತ್ತಿದ್ದರು. ಸ್ಪ್ರಿಂಗ್‌ಸ್ಟೀನ್ ಇನ್ನೂ ಮುಂದೆ ಹೋಗಿ, ಜನ ರಟ್ಟಿನ ಮೇಲೆ ಹಾಡಿನ ಹೆಸರು ಬರೆದು ಹಿಡಿದರೆ ಅದನ್ನು ಇಸಿದುಕೊಂಡು ಬ್ಯಾಂಡಿಗೆ ತೋರಿಸಿ ಅಲ್ಲೇ ನುಡಿಸುತ್ತಿದ್ದರು. ಹಳೆಯ ಕಾಲದ ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾಗೆ ಚೀಟಿ ಕಳಿಸಿದ ಹಾಗೆ. ಅದೇ ಸ್ಪ್ರಿಂಗ್‌ಸ್ಟೀನ್ 2023ರ ಟೂರ್‌ನಲ್ಲಿ ಪಟ್ಟಿಯನ್ನು ಹೆಚ್ಚು ಬದಲಾಯಿಸಲಿಲ್ಲ. ವಯಸ್ಸು, ಸಾವು, ಅಗಲಿದ ಗೆಳೆಯರು, ಈ ಎಳೆ ಹಿಡಿದು ಹಾಡುಗಳನ್ನು ಕಥೆಯ ಹಾಗೆ ಪೋಣಿಸಿದ್ದರು. ಹಳೆಯ ಅಭಿಮಾನಿಗಳು ಗೊಣಗಿದರು. ನನ್ನ ಮಟ್ಟಿಗೆ ಅದು ಸರಿಯಾದ ಆಯ್ಕೆ. ಕಥೆ ಹೇಳುವವನು ಅಧ್ಯಾಯಗಳನ್ನು ದಿನಕ್ಕೊಂದು ಥರ ಜೋಡಿಸಲಾರ.

ಮೆಟಾಲಿಕಾ 2023ರಲ್ಲಿ ಶುರು ಮಾಡಿದ ಟೂರ್‌ನಲ್ಲಿ ಬಹುತೇಕ ಊರುಗಳಲ್ಲಿ ಎರಡು ರಾತ್ರಿ ನುಡಿಸಿತು, ಮೊದಲ ರಾತ್ರಿಯ ಒಂದು ಹಾಡೂ ಎರಡನೆಯ ರಾತ್ರಿ ಇಲ್ಲ. ನಿಮ್ಮಂಥವರಿಗೆ ಹಬ್ಬ. ಒಂದೇ ರಾತ್ರಿಯ ಟಿಕೆಟ್ ತೆಗೆದವರಿಗೆ ಮಾತ್ರ ಇಷ್ಟದ ಯಾವುದೋ ದೊಡ್ಡ ಹಾಡು ತಪ್ಪಿಹೋಗುತ್ತದೆ, ಅದು ಅವರಿಗೆ ಅನ್ಯಾಯವೇ. ಅಭಿಮಾನಿಗಳಿಗೇ ಪೂರ್ತಿ ಒಪ್ಪಿಸಿಕೊಂಡವರೂ ಇದ್ದಾರೆ. ಗ್ರೇಟ್‌ಫುಲ್ ಡೆಡ್ 1965ರಿಂದ 1995ರವರೆಗೆ 2,300ಕ್ಕೂ ಜಾಸ್ತಿ ಶೋ ಮಾಡಿತು, ಮುಂದಿನ ಹಾಡು ಯಾವುದು ಅಂತ ಎಷ್ಟೋ ಸಲ ವೇದಿಕೆಯ ಮೇಲೇ ತೀರ್ಮಾನ ಆಗುತ್ತಿತ್ತು. ಫಿಶ್ ಬ್ಯಾಂಡ್ 2017ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ ನುಡಿಸಿತು. ಒಟ್ಟು 237 ಹಾಡು, ಒಂದೂ ಎರಡನೇ ಸಲ ಬರಲಿಲ್ಲ. ಅಷ್ಟು ಹಾಡು ಕೈಯಲ್ಲಿ ಸಿದ್ಧ ಇರಬೇಕಾದರೆ ಎಷ್ಟು ರಿಹರ್ಸಲ್ ಬೇಕು ಯೋಚಿಸಿ.

ಇನ್ನೊಂದು ವಿಷಯ ನಿಮಗೆ ಹೇಳಲೇಬೇಕು. 2014ರಲ್ಲಿ ಮೆಟಾಲಿಕಾ, ಟಿಕೆಟ್ ಕೊಂಡವರೇ ಮತ ಹಾಕಿ ಹಾಡು ಆರಿಸಲಿ ಅಂತ ಬಿಟ್ಟುಕೊಟ್ಟಿತು. ಏನಾಯಿತು ಗೊತ್ತಾ? ಊರು ಬದಲಾದರೂ ಗೆದ್ದದ್ದು ಬಹುಪಾಲು ಅವೇ ಹಿಟ್‌ಗಳು. ಅಪರೂಪದ ಹಾಡು ಬೇಕು ಅಂತ ಎಲ್ಲ ಕಟ್ಟಾ ಅಭಿಮಾನಿಗಳೂ ಹೇಳುತ್ತಾರೆ, ಆದರೆ ಒಬ್ಬೊಬ್ಬರಿಗೆ ಬೇಕಾದ ಅಪರೂಪದ ಹಾಡು ಒಂದೊಂದು, ಮತ ಚದುರಿ ಹೋಗುತ್ತದೆ. ಹಿಟ್‌ಗಳ ವಿಷಯದಲ್ಲಿ ಮಾತ್ರ ಎಲ್ಲರೂ ಒಂದಾಗುತ್ತಾರೆ. ಹಾಗಿದ್ದರೂ ಹೆಲ್ಸಿಂಕಿಯಲ್ಲಿ 1988ರ ಆಲ್ಬಮ್‌ನ ಒಂದು ಹಾಡು, ಅದುವರೆಗೆ ವೇದಿಕೆಯಲ್ಲಿ ಪೂರ್ತಿ ಒಮ್ಮೆಯೂ ನುಡಿಸದೇ ಇದ್ದದ್ದು, ಮತದಲ್ಲಿ ಗೆದ್ದು 26 ವರ್ಷದ ಮೇಲೆ ಕೇಳಿಸಿತು. ಮುಂದಿನ ಸಲ ಮೂರು ಊರಿನ ಟಿಕೆಟ್ ತೆಗೆಯುವ ಮೊದಲು, ಆ ಬ್ಯಾಂಡ್ ಟೂರ್‌ನ ಮೊದಲ ನಾಲ್ಕೈದು ಶೋಗಳಲ್ಲಿ ಏನು ನುಡಿಸಿತು ಅಂತ ನೋಡಿ. ಪಟ್ಟಿ ಕದಲದಿದ್ದರೆ ಒಂದೇ ಊರು ಸಾಕು.

ಪ್ರಶ್ನೆ: ನಾವು ದಾವಣಗೆರೆಯ ಕಾಲೇಜು ಹುಡುಗರ ಬ್ಯಾಂಡ್. ಆರು ಸ್ವಂತ ಕನ್ನಡ ಹಾಡು ಇವೆ. ಫೆಸ್ಟ್‌ಗಳಲ್ಲಿ 40 ನಿಮಿಷ ಕೊಡುತ್ತಾರೆ. ನಮ್ಮ ಹಾಡು ಶುರುವಾದರೆ ಜನ ಮಾತಿಗೆ ಇಳಿಯುತ್ತಾರೆ, ಸಿನಿಮಾ ಹಾಡು ಬಂದರೆ ಒನ್ಸ್ ಮೋರ್. ಮುಂದಿನ ಸಾಲಿನಲ್ಲಿ ನಮ್ಮ ಹಾಡು ಬಾಯಿಪಾಠ ಇರುವ ಇಪ್ಪತ್ತು ಜನ ಇರುತ್ತಾರೆ. ಪಟ್ಟಿ ಹೇಗೆ ಮಾಡೋಣ?

ಉತ್ತರ: ಆ ಇಪ್ಪತ್ತು ಜನ ನಿಮ್ಮ ಆಸ್ತಿ, ಮೊದಲು ಅದನ್ನು ತಿಳಿದುಕೊಳ್ಳಿ. 40 ನಿಮಿಷಕ್ಕೆ ಏಳು ಹಾಡು ಹಾಕಿ, ಎಂಟು ಬೇಡ. ಮಾತು, ಟ್ಯೂನಿಂಗ್, ಕೈಕೊಡುವ ಕೇಬಲ್, ಇವು ನಿಮಗೆ ಗೊತ್ತಿಲ್ಲದ ಹಾಗೆ ಎಂಟು ನಿಮಿಷ ತಿನ್ನುತ್ತವೆ.

ನಿಮ್ಮ ಸ್ವಂತ ಹಾಡುಗಳಲ್ಲಿ ತಾಳ ಗಟ್ಟಿಯಾಗಿರುವ, ನಾಲ್ಕು ನಿಮಿಷದ ಒಳಗೆ ಮುಗಿಯುವ ಹಾಡಿನಿಂದ ಶುರು ಮಾಡಿ. ಮೊದಲ ಹಾಡಿಗೆ ಜನ ಹೇಗಿದ್ದರೂ ವೇದಿಕೆ ಕಡೆ ನೋಡುತ್ತಾರೆ, ಆ ಗಮನವನ್ನು ಸಿನಿಮಾ ಹಾಡಿಗೆ ಖರ್ಚು ಮಾಡಬೇಡಿ. ಎರಡನೆಯದು ಎಲ್ಲರಿಗೂ ಗೊತ್ತಿರುವುದು. ಮೂರು, ನಾಲ್ಕು ನಿಮ್ಮವೇ, ಆದರೆ ನಿಧಾನದ ಹಾಡು ಒಂದೇ ಇರಲಿ.

ಐದನೆಯದಕ್ಕೆ ನನ್ನದೊಂದು ಸಲಹೆ. ಮಾತು ಜನರಿಗೆ ಗೊತ್ತಿದ್ದು ಧಾಟಿ ನಿಮ್ಮದಾಗಿರುವ ಹಾಡು ಹುಡುಕಿ. ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಪದವನ್ನು ರಘು ದೀಕ್ಷಿತ್ ತಮ್ಮದೇ ರೀತಿಯಲ್ಲಿ ಹಾಡಿದ್ದು ಕೇಳಿದ್ದೀರಲ್ಲ? ಪದ ಗೊತ್ತಿದ್ದ ಹಿರಿಯರೂ ಕುಣಿದರು, ಶರೀಫರ ಹೆಸರೇ ಕೇಳದ ಹುಡುಗರೂ ಕುಣಿದರು. ಹಿಟ್ ಹಾಡಿನ ನಕಲು ಮಾಡುವುದಕ್ಕಿಂತ ಇಂಥದ್ದೊಂದನ್ನು ನಿಮ್ಮದಾಗಿ ಮಾಡಿಕೊಂಡರೆ, ಎರಡೂ ಕಡೆಯವರು ಒಂದೇ ಹಾಡಿಗೆ ಸಿಗುತ್ತಾರೆ. ಆರನೆಯದು ಒನ್ಸ್ ಮೋರ್ ಬರುವ ಸಿನಿಮಾ ಹಾಡು. ಕೊನೆಯದು ಮಾತ್ರ ನಿಮ್ಮದೇ, ಆ ಇಪ್ಪತ್ತು ಜನ ಜೋರಾಗಿ ಹಾಡುವಂಥದ್ದು. ಅವರು ಹಾಡುವುದನ್ನು ಹಿಂದಿನವರು ನೋಡಬೇಕು.

ಹೊತ್ತು ಕಡಿಮೆ ಆದರೆ ಯಾವ ಹಾಡು ಬಿಡುವುದು ಅಂತ ಮೊದಲೇ ಗುರುತು ಹಾಕಿಟ್ಟುಕೊಳ್ಳಿ, ಅಲ್ಲಿ ನಿಂತು ಚರ್ಚೆ ಮಾಡಬೇಡಿ. ಪಟ್ಟಿಯನ್ನು ದಪ್ಪ ಮಾರ್ಕರ್‌ನಲ್ಲಿ ಬರೆದು ಪ್ರತಿಯೊಬ್ಬರ ಕಾಲಬಳಿ ಟೇಪ್ ಹಚ್ಚಿ ಅಂಟಿಸಿ. ಡ್ರಮ್ಮರ್‌ಗೆ ಒಂದು ಪ್ರತಿ ಬೇರೆಯಾಗಿ ಕೊಡಿ, ಅಷ್ಟು ಹಿಂದೆ ಕೂತವರಿಗೆ ನೆಲದ ಮೇಲಿನದು ಕಾಣಿಸುವುದಿಲ್ಲ.