ಕುದುರೆಮುಖ ಚಾರಣ: ಉಂಬಳಕ್ಕೆ ಉಪ್ಪು ಬೇಡ

ಜುಲೈಯಲ್ಲಿ ಎಂಟು ಜನ ಮುಳ್ಳೋಡಿ ಎಂಬ ಊರಿನಿಂದ ಕುದುರೆಮುಖ ಹತ್ತುತ್ತೇವೆ, ಉಂಬಳಕ್ಕೆ (ರಕ್ತ ಹೀರುವ ಜಿಗಣೆ) ಎರಡು ಕೆಜಿ ಉಪ್ಪು ಸಾಕಾ ಎಂದು ಕೇಳಿದ್ದೀರಿ. ಉಪ್ಪು ಬೇಡವೇ ಬೇಡ. ಮಳೆಗೆ ಕರಗಿ ಹುಲ್ಲಿನ ಬೇರಿಗೆ, ಹಳ್ಳಕ್ಕೆ ಇಳಿಯುತ್ತದೆ. ಬೂಟಿಗೆ ಹಚ್ಚಿದ್ದು ಮೊದಲ ಹಳ್ಳ ದಾಟುವಷ್ಟರಲ್ಲಿ ತೊಳೆದುಹೋಗುತ್ತದೆ. ಒತ್ತು ನೇಯ್ಗೆಯ ಲೀಚ್ ಸಾಕ್ಸನ್ನು (ಉಂಬಳ ತಡೆಯುವ ಉದ್ದ ಕಾಲುಚೀಲ) ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಎಳೆದು ಕಟ್ಟಿ. ಕಚ್ಚಿದರೆ ಸುಡಬೇಡಿ, ಜಗ್ಗಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ, ಮೊದಲು ಸಪೂರ ತುದಿಯನ್ನು ಪಕ್ಕಕ್ಕೆ ಸರಿಸಿ. ಬಾಯಿ ಇರುವುದು ಅಲ್ಲೇ. ಆಮೇಲೆ ದಪ್ಪ ತುದಿ. ರಕ್ತ ಹೆಪ್ಪುಗಟ್ಟದಂತೆ ಮಾಡುವುದು ಅದರ ಎಂಜಲು, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ. ಬಟ್ಟೆ ಒತ್ತಿ ಹಿಡಿಯಿರಿ, ಗಾಬರಿ ಬೇಡ.

ಬೆಟ್ಟಕ್ಕೆ ನಿಜವಾದ ಹಾನಿ ಆಗುವುದು ಕೆಸರು ತಪ್ಪಿಸಲು ದಾರಿಯ ಅಂಚಿನಲ್ಲಿ ನಡೆದಾಗ. ಅಲ್ಲಿನ ಹುಲ್ಲು ಸತ್ತರೆ ಮಣ್ಣು ಸಡಿಲಾಗಿ ಮಳೆನೀರು ಕೊರೆಯುತ್ತದೆ, ಒಂದು ಕಾಲುದಾರಿ ಮೂರು ಸೀಳಾಗುತ್ತದೆ. ದಯವಿಟ್ಟು ಕೆಸರಿನಲ್ಲೇ, ಒಬ್ಬರ ಹಿಂದೊಬ್ಬರು ನಡೆಯಿರಿ. ಬೂಟು ಹೇಗೂ ಒದ್ದೆಯಾಗುತ್ತದೆ.

ಶೌಚಕ್ಕೆ ನೀರಿನಿಂದ 60 ಮೀಟರ್ ದೂರ ಹೋಗಿ, 15–20 ಸೆಂ.ಮೀ. ಆಳ ತೋಡಿ ಮುಚ್ಚಿ. ವೆಟ್ ವೈಪ್ಸ್ ಹೂಳಿದರೆ ಕೊಳೆಯುವುದಿಲ್ಲ. ಜಿಪ್ ಕವರಿನಲ್ಲಿ ಹಾಕಿ ಪೇಟೆಗೆ ವಾಪಸ್ ತನ್ನಿ, ನೀವು ಉಳಿದುಕೊಂಡ ಮನೆಯವರ ಕಸದ ಬುಟ್ಟಿಗೆ ಹಾಕಬೇಡಿ. ಹಳ್ಳದಲ್ಲಿ ಸೋಪು ಬೇಡ.

ಮೊದಲು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿ, ಅದು ಖಚಿತವಾದ ಮೇಲೆ ಹೋಂಸ್ಟೇ. ಬೆಟ್ಟದ ಮೇಲೆ ಟೆಂಟ್ ಹಾಕುವಂತಿಲ್ಲ, ಮುಳ್ಳೋಡಿಯ ಮನೆಗಳಲ್ಲೇ ಉಳಿಯಿರಿ. ಜೀಪು, ಗೈಡು ಎರಡೂ ಊರಿನವರದ್ದೇ ಇರಲಿ. ಊಟಕ್ಕೆ ಎಷ್ಟು ಜನ ಎಂದು ಹಿಂದಿನ ದಿನವೇ ಹೇಳಿ. ಅಕ್ಕಿ, ತರಕಾರಿ ಕೂಡ ಅದೇ ಜೀಪಿನಲ್ಲಿ ಮುಳ್ಳೋಡಿಗೆ ಬರಬೇಕು.