ಕೇಳಿ, ಹೇಳ್ತೇವೆ: ಆಟದ ಅವತಾರ ತಾನಾಗಿ ಬದುಕಬೇಕೆಂದರೆ

ಪ್ರಶ್ನೆ: ಆಟಗಾರ ಲಾಗೌಟ್ ಆದ ಮೇಲೂ ಅವನ ಅವತಾರ (ಆಟದೊಳಗಿನ ಅವನ ಪಾತ್ರ) ಆನ್‌ಲೈನ್ ಲೋಕದಲ್ಲಿ ತಾನಾಗಿ ಓಡಾಡಿಕೊಂಡಿರಲಿ ಎಂದು ಹಸಿವು, ನಿದ್ದೆ, ಬೇಸರಕ್ಕೆ 0ಯಿಂದ 100ರವರೆಗೆ ಅಂಕ ಇಟ್ಟಿದ್ದೇನೆ. ಯಾವುದು ಹೆಚ್ಚೋ ಆ ಕೆಲಸ ಮಾಡುತ್ತದೆ. ಆದರೆ ಒಂದು ತುತ್ತು ತಿಂದು ಹಾಸಿಗೆಗೆ ಓಡುತ್ತದೆ, ತಲೆ ಇಟ್ಟ ಕೂಡಲೇ ಮತ್ತೆ ಅಡುಗೆಮನೆಗೆ. ಏಕೆ?

ಉತ್ತರ: ಲೆಕ್ಕ ಸರಿಯಾಗಿಯೇ ಇದೆ; ಹಿಡಿದ ಕೆಲಸ ಮುಗಿಸುವ ಹಟವನ್ನು ನೀವು ಅದಕ್ಕೆ ಕೊಟ್ಟಿಲ್ಲ. ಹಸಿವು 61, ನಿದ್ದೆ 60 ಇದ್ದಾಗ ಊಟಕ್ಕೆ ಕೂರುತ್ತದೆ. ಒಂದು ತುತ್ತಿಗೆ ಹಸಿವು 58ಕ್ಕೆ ಇಳಿಯಿತು, ನಿದ್ದೆ ಗೆದ್ದಿತು. ಮಲಗಿ ನಿದ್ದೆ 57 ಆಗುವಷ್ಟರಲ್ಲಿ ಹಸಿವು ಮತ್ತೆ 59.

ಎರಡು ಗೆರೆ ಎಳೆಯಿರಿ. ಹಸಿವು 60 ದಾಟಿದರೆ ಊಟ ಶುರು, 20ಕ್ಕೆ ಇಳಿದ ಮೇಲಷ್ಟೇ ಮುಗಿತಾಯ. ನಡುವೆ ಬೇರೆ ಯಾವುದಾದರೂ 90 ದಾಟಿದರೆ ಮಾತ್ರ ಏಳಲಿ. ಪ್ರತಿ ಫ್ರೇಮಿಗೂ (ಪರದೆಯ ಮೇಲೆ ಮೂಡುವ ಪ್ರತಿ ಚಿತ್ರಕ್ಕೂ) ಯೋಚಿಸುವುದು ಬೇಡ, ಸೆಕೆಂಡಿಗೊಮ್ಮೆ ಸಾಕು. 200 ಅವತಾರಗಳಿದ್ದರೆ ಹತ್ತು ಗುಂಪು ಮಾಡಿ ಸರದಿಯಲ್ಲಿ ಯೋಚಿಸಲು ಬಿಡಿ, ಇಲ್ಲವಾದರೆ ಎಲ್ಲವೂ ಒಂದೇ ಕ್ಷಣ ಸರ್ವರಿನ ಮೇಲೆ ಬಿದ್ದು ಆಟ ಸೆಕೆಂಡಿಗೊಮ್ಮೆ ಮುಗ್ಗರಿಸುತ್ತದೆ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇವೆ. 'ಹಸಿದರೆ ಫ್ರಿಜ್ಜಿಗೆ ಹೋಗು' ಎಂದು ಅವತಾರದೊಳಗೆ ಬರೆಯಬೇಡಿ. 2000ದಲ್ಲಿ ಬಂದ 'ದಿ ಸಿಮ್ಸ್' ಆಟದಲ್ಲಿ ವಸ್ತುಗಳೇ ಕೂಗಿ ಕರೆಯುತ್ತವೆ: ನನ್ನ ಹತ್ತಿರ ಬಂದರೆ ಹಸಿವು ಇಷ್ಟು ತಗ್ಗುತ್ತದೆ ಎಂದು. ಹೀಗಾದರೆ ನಾಳೆ ಹೊಸ ಒಲೆ ತಂದಿಟ್ಟರೂ ಅವತಾರದ ಕೋಡ್ ಮುಟ್ಟಬೇಕಿಲ್ಲ. ಒಂದೇ ಕುರ್ಚಿಗೆ ಇಬ್ಬರು ಹೊರಡದಂತೆ ಮುಂಗಡ ಕಾಯ್ದಿರಿಸಿ, ಆದರೆ 30 ಸೆಕೆಂಡಿಗೆ ಅದು ತಾನಾಗಿ ರದ್ದಾಗಲಿ. ದಾರಿಯಲ್ಲಿ ಸಿಕ್ಕಿಕೊಂಡವನ ಹೆಸರಲ್ಲಿ ಕುರ್ಚಿ ಕೊನೆತನಕ ಖಾಲಿ ಬಿದ್ದಿರುವುದನ್ನು ಇದು ತಪ್ಪಿಸುತ್ತದೆ.

ಪ್ರಶ್ನೆ: ಬಾಗಿಲು ತೆರೆದೇ ಇದೆ, ಅವತಾರ ಮಾತ್ರ ಗೋಡೆಗೆ ಮುಖ ಹಚ್ಚಿ ನಿಲ್ಲುತ್ತದೆ.

ಉತ್ತರ: ನ್ಯಾವ್‌ಮೆಶ್ (ಅವತಾರ ಎಲ್ಲೆಲ್ಲಿ ನಡೆಯಬಹುದೆಂದು ಹೇಳುವ ನಕ್ಷೆ) ತೆರೆದು ನೋಡಿ, ಹೊಸ್ತಿಲಲ್ಲಿ ಅದು ತುಂಡಾಗಿರಬೇಕು. ಅವತಾರದ ತ್ರಿಜ್ಯ 0.5 ಮೀಟರ್, ಅಂದರೆ ಅಗಲ 1 ಮೀಟರ್ ಎಂದು ಕೊಟ್ಟಿದ್ದರೆ 0.9 ಮೀಟರಿನ ಬಾಗಿಲಲ್ಲಿ ಅದಕ್ಕೆ ದಾರಿಯೇ ಇಲ್ಲ. ತ್ರಿಜ್ಯ 0.3ಕ್ಕೆ ಇಳಿಸಿ, ಮೆಶ್ ಮತ್ತೆ ಬೇಕ್ ಮಾಡಿ, ಅಂದರೆ ಆ ನಕ್ಷೆಯನ್ನು ಹೊಸದಾಗಿ ಲೆಕ್ಕ ಹಾಕಿಸಿ.

ಪ್ರಶ್ನೆ: ಅವತಾರದ ಎಲ್ಲ ನಿರ್ಧಾರವನ್ನೂ ಭಾಷಾ ಮಾದರಿಗೆ (ಚಾಟ್‌ಜಿಪಿಟಿಯಂಥ ಎಐಗೆ) ಬಿಟ್ಟರೆ?

ಉತ್ತರ: ಹೆಜ್ಜೆ ಇಡುವುದನ್ನು ಅದಕ್ಕೆ ಬಿಡಬೇಡಿ. ಅದರ ಉತ್ತರ ಬರಲು ಸೆಕೆಂಡುಗಳೇ ಹಿಡಿಯುತ್ತವೆ. ಆ ಕ್ಷಣಕ್ಕೆ ಸಾಧ್ಯವಿರುವ ಏಳೆಂಟು ಕೆಲಸಗಳ ಪಟ್ಟಿ ಕೊಟ್ಟು ಒಂದನ್ನು ಆರಿಸಲು ಹೇಳಿ. ಪಟ್ಟಿಯಲ್ಲಿಲ್ಲದ್ದನ್ನು ಹೇಳಿದರೆ ಆಟ ಅದನ್ನು ತಳ್ಳಿಹಾಕಲಿ. ಅವತಾರದ ನೆನಪುಗಳನ್ನೆಲ್ಲ ಪ್ರತಿ ಸಲ ಮಾದರಿಯ ಮುಂದೆ ಸುರಿಯಬೇಡಿ. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಗೂಗಲ್ ಸಂಶೋಧಕರು 25 ಪಾತ್ರಗಳ ಪುಟ್ಟ ಊರು ಕಟ್ಟಿದಾಗ, ಎಷ್ಟು ಹೊಸದು, ಎಷ್ಟು ಮುಖ್ಯ, ಈಗಿನ ಸಂದರ್ಭಕ್ಕೆ ಎಷ್ಟು ಹೊಂದುತ್ತದೆ ಎಂಬ ಮೂರು ಅಂಕ ಕೂಡಿಸಿ ನೆನಪುಗಳನ್ನು ಆರಿಸಿದ್ದರು. ಅಲ್ಲೂ ಎಡವಟ್ಟಾಯಿತು: ಒಬ್ಬರಿಗಷ್ಟೇ ಜಾಗವಿದ್ದ ಹಾಸ್ಟೆಲ್ ಬಚ್ಚಲಿಗೆ, ಒಳಗೆ ಜನ ಇದ್ದಾಗಲೇ ಇನ್ನೊಂದು ಪಾತ್ರ ನುಗ್ಗಿತು. ಹಾಸ್ಟೆಲ್ಲಿನದೆಂದರೆ ಹಲವರಿಗಿರುತ್ತದೆ ಎಂದು ಮಾದರಿ ಊಹಿಸಿತ್ತು. ಇಂಥಲ್ಲಿ ವಸ್ತುವಿನ ವಿವರಣೆಯಲ್ಲೇ 'ಒಬ್ಬರ ಬಚ್ಚಲು' ಎಂದು ಬರೆದುಬಿಡಿ.