ಒಗಟನ್ನು ಬಿಡಿಸಲೇಬೇಕಿತ್ತಾ?

ಕೊಪ್ಪಳದ ಓದುಗ ಮಿತ್ರರಿಗೆ ನಮಸ್ಕಾರ.

ಅಮೆರಿಕದ ಹಾಸ್ಯಗಾರ ಆ್ಯಂಡಿ ಕಾಫ್‌ಮನ್ ಬದುಕಿನ ಮೇಲೆ 1999ರಲ್ಲಿ ಬಂದ ‘ಮ್ಯಾನ್ ಆನ್ ದಿ ಮೂನ್’ ನೋಡಿ ಬೇಸರವಾಯಿತು ಎಂದು ಬರೆದಿದ್ದೀರಿ. ‘ಕೊನೆತನಕ ಕೂತರೂ ಈ ಮನುಷ್ಯ ಯಾರು ಅಂತ ಗೊತ್ತಾಗಲಿಲ್ಲ’ ಎಂಬುದು ನಿಮ್ಮ ದೂರು. ನನಗೂ ಬೇಸರವಾಗಿದೆ. ಆದರೆ ಕಾರಣ ತಿರುಗಾಮುರುಗಾ. ಆ ಸಿನಿಮಾ ಬೇಡದ್ದನ್ನೆಲ್ಲ ಬಿಡಿಸಿ ಹೇಳಿಬಿಡುತ್ತದೆ.

ಆತನ ಪಾತ್ರ ಮಾಡಿದ ಜಿಮ್ ಕ್ಯಾರಿ ನಟನೆ ಬಗ್ಗೆ ತಕರಾರಿಲ್ಲ. ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸುಮ್ನೆ ಬರಲಿಲ್ಲ. ಶುರುವೂ ಚೆಂದ. ಕಾಫ್‌ಮನ್ ಬಂದು ಸಿನಿಮಾ ಮುಗಿಯಿತು ಎನ್ನುತ್ತಾನೆ, ಹೆಸರುಗಳ ಪಟ್ಟಿ ಓಡುತ್ತದೆ. ಆ ಧೈರ್ಯ ಮುಂದೆ ಉಳಿಯುವುದಿಲ್ಲ.

ಕಾಫ್‌ಮನ್ ಆಡಿದ ಕುಸ್ತಿಯನ್ನೇ ನೋಡಿ. 1982ರಲ್ಲಿ ಮೆಂಫಿಸ್‌ನಲ್ಲಿ ಜೆರ್ರಿ ಲಾಲರ್ ಎಂಬ ಪೈಲ್ವಾನ ಆತನನ್ನು ಎತ್ತಿ ಒಗೆದ. ಕಾಫ್‌ಮನ್ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಓಡಾಡಿದ. ಆಮೇಲೆ ಟಿವಿಯಲ್ಲಿ ಲಾಲರ್ ಆತನ ಕಪಾಳಕ್ಕೂ ಬಾರಿಸಿದ. ನಿಜವೋ ನಾಟಕವೋ, ಜನ ಕಿತ್ತಾಡಿದರು. ಕಾಫ್‌ಮನ್ ಸತ್ತ ಮೇಲೂ ಸುಮಾರು ಹತ್ತು ವರ್ಷ ಲಾಲರ್ ಗುಟ್ಟು ಬಿಡಲಿಲ್ಲ. ಗೆಳೆಯನ ಆಟವನ್ನು ಅಷ್ಟು ಕಾಲ ಕಾಯ್ದ ಆ ನಿಷ್ಠೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಸಿನಿಮಾ ಮಾತ್ರ ಇಬ್ಬರೂ ಸೇರಿ ಹೂಡಿದ ಆಟ ಎಂದು ಥಟ್ಟನೆ ಬಿಚ್ಚಿಡುತ್ತದೆ.

ನಾನು ಒಪ್ಪಲಾರದ್ದು ನ್ಯೂಯಾರ್ಕಿನ ಹೆಸರಾಂತ ಸಭಾಂಗಣ ಕಾರ್ನೆಗಿ ಹಾಲ್‌ನ ಭಾಗ. 1979ರಲ್ಲಿ ಕಾಫ್‌ಮನ್ ಅಲ್ಲಿ ಪ್ರದರ್ಶನ ಮುಗಿಸಿ, ಪ್ರೇಕ್ಷಕರನ್ನು ಬಸ್ಸಿಗೆ ಹತ್ತಿಸಿ, ಹಾಲು ಬಿಸ್ಕತ್ತು ಕೊಡಿಸಲು ಕರೆದೊಯ್ದ. ಆಗ ಆತನಿಗೆ 30 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಗೊತ್ತಾಗಿದ್ದು 1983ರ ಕೊನೆಗೆ, ತೀರಿಕೊಂಡಿದ್ದು 1984ರ ಮೇ ತಿಂಗಳಲ್ಲಿ. ಸಿನಿಮಾದಲ್ಲಿ ಕಾಯಿಲೆ ಮೊದಲು, ಆ ರಾತ್ರಿ ಆಮೇಲೆ! ಕಾರಣವೇ ಇಲ್ಲದೆ ಹಂಚಿದ ಖುಷಿ ಹೀಗೆ ಸಾಯುವವನ ವಿದಾಯವಾಯಿತು. ನಮ್ಮ ಕಣ್ಣು ಒದ್ದೆಯಾಗುತ್ತದೆ, ನಿಜ. ಆದರೆ ಕಾಫ್‌ಮನ್ ಕೈಬಿಟ್ಟುಹೋದ, ಅಲ್ವಾ?

ನಿಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ತೊಗಲುಗೊಂಬೆಯಾಟದಲ್ಲಿ ನಗಿಸುವ ಗೊಂಬೆ ಕಿಳ್ಳೇಕ್ಯಾತ ಬರುತ್ತಾನೆ. ಕಥೆಯ ನಡುವೆ ನುಗ್ಗಿ ಹೆಂಡತಿ ಬಂಗಾರಕ್ಕನ ಜೊತೆ ಜಗಳ ಆಡುತ್ತಾನೆ. ಅವನು ಯಾಕೆ ಹೀಗೆ ಎಂದು ಯಾರೂ ಕೇಳುವುದಿಲ್ಲ. ಜನ ನಗುತ್ತಾರೆ, ಅವನು ಹೋಗುತ್ತಾನೆ. ಕಾಫ್‌ಮನ್‌ನನ್ನೂ ಹಾಗೆ ಬಿಡಬಹುದಿತ್ತು.

ಸಿನಿಮಾ ಬದಿಗಿಡಿ. 1975ರ ಅಕ್ಟೋಬರ್‌ನಲ್ಲಿ ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮ ‘ಸ್ಯಾಟರ್ಡೇ ನೈಟ್ ಲೈವ್’ನ ಮೊದಲ ಕಂತಿನಲ್ಲಿ ಆತ ಮಾಡಿದ ಮೈಟಿ ಮೌಸ್ ಆಟ ಹುಡುಕಿ ನೋಡಿ. ಮೈಟಿ ಮೌಸ್ ಎಂಬ ಕಾರ್ಟೂನ್ ಇಲಿಯ ಹಾಡು ನುಡಿಸುವ ಗ್ರಾಮಫೋನ್ ಪಕ್ಕ ಅಂಜಿದ ಹುಡುಗನ ಹಾಗೆ ನಿಂತಿರುತ್ತಾನೆ. ಹಾಡಿನ ಒಂದೇ ಸಾಲು ಬಂದಾಗ ಕೈ ಎತ್ತಿ ಬಾಯಾಡಿಸುತ್ತಾನೆ, ಮತ್ತೆ ಸುಮ್ಮನಾಗುತ್ತಾನೆ. ನೋಡಿದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.

– ಸಂಪಾದಕ